ಕೆಪ್ಲರ್-90ಐ: ಹಳೆಯ ಡೇಟಾದಲ್ಲಿ ಸಿಕ್ಕ ಗ್ರಹ

ಗ್ರಹವೊಂದು ನಕ್ಷತ್ರದ ಮುಂದೆ ಹಾದುಹೋದಾಗ ಅದರ ಬೆಳಕು ಒಂಚೂರು ಮಂಕಾಗುತ್ತದೆ. ನಾಸಾದ ಕೆಪ್ಲರ್ ದೂರದರ್ಶಕ ನಾಲ್ಕು ವರ್ಷ ಸುಮಾರು 1,50,000 ನಕ್ಷತ್ರಗಳಲ್ಲಿ ಹುಡುಕಿದ್ದು ಇದನ್ನೇ. ಅಷ್ಟನ್ನೂ ಕಣ್ಣಲ್ಲೇ ನೋಡಿ ಮುಗಿಸೋದು ಆಗದ ಮಾತು.

ಗೂಗಲ್‌ನ ಕ್ರಿಸ್ಟೋಫರ್ ಶಾಲ್ಯೂ, ಖಗೋಳವಿಜ್ಞಾನಿ ಆಂಡ್ರ್ಯೂ ವಾಂಡರ್‌ಬರ್ಗ್ ಸೇರಿ, ಮೊದಲೇ ಪರಿಶೀಲಿಸಿಟ್ಟಿದ್ದ 15,000 ಸಂಕೇತಗಳಿಂದ ನ್ಯೂರಲ್ ನೆಟ್‌ವರ್ಕ್‌ಗೆ ಪಾಠ ಹೇಳಿದರು. ಆಮೇಲೆ 670 ನಕ್ಷತ್ರಗಳ ಡೇಟಾದಲ್ಲಿ ದುರ್ಬಲ ಸಂಕೇತಗಳನ್ನು ಹುಡುಕಿಸಿದರು. 2017ರ ಡಿಸೆಂಬರ್‌ನಲ್ಲಿ ಸುದ್ದಿ ಬಂತು: ಕೆಪ್ಲರ್-90 ನಕ್ಷತ್ರಕ್ಕೆ ಎಂಟನೇ ಗ್ರಹವಿದೆ. ಅಲ್ಲಿ ಒಂದು ವರ್ಷ ಅಂದ್ರೆ 14.4 ದಿನ.

ಯಂತ್ರ ಹೇಳಿದ್ದು ‘ಇರಬಹುದು’ ಅಂತಷ್ಟೇ. ಬೇರೆ ಸಾಧ್ಯತೆಗಳನ್ನು ತಳ್ಳಿಹಾಕಿ ಖಚಿತಪಡಿಸಿದ್ದು ಮನುಷ್ಯರು. ಪಾಠದಲ್ಲಿ ಇಲ್ಲದ್ದೇನಾದರೂ ಎದುರಾದರೆ ಯಂತ್ರ ಅದನ್ನು ಕಸವೆಂದು ಎಸೆದುಬಿಡಬಹುದು. ಅದಕ್ಕೇ ಮೂಲ ಡೇಟಾ ಎಲ್ಲರಿಗೂ ತೆರೆದಿರಬೇಕು. ಈ ಗ್ರಹ ಸಿಕ್ಕಿದ್ದೂ ಅಂಥ ಡೇಟಾದಲ್ಲೇ.