‘ಹೋಗ್ತೀನಿ’ ಅನ್ನಬಾರದು

ಶಹಾಡ್ ಸ್ಟೇಷನ್ನಿನಲ್ಲಿ ಲೋಕಲ್ ಬಂತೆಂದರೆ ಮರಾಠಿಯವರು ‘ಯೇತೋ’ ಅಂತಾರೆ, ನಾವು ‘ಬರ್ತೀನಿ’ ಅಂತೀವಿ. ಹೊರಟವರೇ ವಾಪಸ್ ಬರುವ ಮಾತು ಕೊಡೋದು.

ಪಕ್ಕದಲ್ಲೇ ಕೇಳುವ ‘ಖುದಾ ಹಾಫಿಜ್’ನಲ್ಲಿ ಆ ಹೊಣೆ ದೇವರಿಗೆ: ಅವನೇ ಕಾಪಾಡುವವನು. ಖುದಾ ಪಾರಸಿ ಪದ, ಹಾಫಿಜ್ ಅರಬ್ಬಿ. ಪಾರಸಿ ಯಾಕೆ ಅನ್ನೋ ತಕರಾರೆದ್ದು, 1980ರ ದಶಕದಿಂದ ಪಾಕಿಸ್ತಾನದಲ್ಲಿ ‘ಅಲ್ಲಾ ಹಾಫಿಜ್’ ಹೆಚ್ಚಾಯಿತು. ನಮ್ಮ ಕಡೆಗೂ ಬಂತು. ತಮಾಷೆ ನೋಡಿ, ಅರಬ್ಬರು ಬೀಳ್ಕೊಡುವಾಗ ಸಾಮಾನ್ಯವಾಗಿ ಹಾಗನ್ನೋದೇ ಇಲ್ಲ! ಈಜಿಪ್ಟಿನಲ್ಲಿ ‘ಮಅಸ್ಸಲಾಮಾ’, ಮೊರಾಕ್ಕೊದಲ್ಲಿ ‘ಬ್‌ಸ್ಲಾಮಾ’. ಎರಡೂ ‘ಕ್ಷೇಮವಾಗಿ’ ಅಂತಲೇ. ಗಲ್ಫ್‌ನಲ್ಲಿ ‘ಫೀ ಅಮಾನಿಲ್ಲಾ’, ದೇವರ ರಕ್ಷಣೆಯಲ್ಲಿರು. ಲೆಬನಾನಿನ ಹುಡುಗರಿಗೆ ‘ಯಲ್ಲಾ ಬೈ’ ಸಾಕು.

ನನ್ನ ಕೇಳಿದರೆ, ಎರಡು ಭಾಷೆ ಬೆರೆತ ಆ ಹಳೇ ಖುದಾ ಹಾಫಿಜ್‌ಗೆ ಏನು ಕೊರತೆಯಿತ್ತೋ! ಕಲ್ಯಾಣದಾಚೆ ಈಗಲೂ ಕೆಲವು ಹಿರಿಯರ ಬಾಯಲ್ಲಿದೆ.