ಹಾಸ್ಯ ಚಕ್ರವರ್ತಿ ಟಿ. ಆರ್. ನರಸಿಂಹರಾಜು: ಬದುಕು ಮತ್ತು ಕಲಾಜೀವನ

ಕನ್ನಡ ಚಿತ್ರರಂಗದ ಇತಿಹಾಸದಲ್ಲಿ ನಾಯಕ ನಟರ ಹೆಸರುಗಳು ಬಂಗಾರದ ಅಕ್ಷರಗಳಲ್ಲಿ ಬರೆಯಲ್ಪಟ್ಟಿವೆ. ಆದರೆ ಆ ನಾಯಕರ ಪಕ್ಕದಲ್ಲಿ ನಿಂತು, ಇಡೀ ಚಿತ್ರಮಂದಿರವನ್ನು ನಗೆಗಡಲಲ್ಲಿ ತೇಲಿಸಿದ ಹಾಸ್ಯನಟರ ಬದುಕಿನ ವಿವರಗಳು ಅಷ್ಟಾಗಿ ದಾಖಲಾಗಿಲ್ಲ. ನಗಿಸುವವನನ್ನು ನಾವು ಪ್ರೀತಿಸುತ್ತೇವೆ; ಗೌರವಿಸುವ ವಿಷಯದಲ್ಲಿ ಮಾತ್ರ ಸ್ವಲ್ಪ ಜಿಪುಣರಾಗುತ್ತೇವೆ. ಈ ಮಾತಿಗೆ ಅಪವಾದವೆಂಬಂತೆ, ಹಾಸ್ಯನಟನೊಬ್ಬನಿಗೆ 'ಚಕ್ರವರ್ತಿ' ಎಂಬ ಬಿರುದನ್ನು ಕನ್ನಡಿಗರು ಮನಸಾರೆ ಕೊಟ್ಟದ್ದು ತಿಪಟೂರಿನ ನರಸಿಂಹರಾಜು ಅವರಿಗೆ. ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳ ಹಿರಿಯರಿಗೆ ಈ ಹೆಸರನ್ನು ಪರಿಚಯಿಸಬೇಕಾದ ಅಗತ್ಯವಿಲ್ಲ. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಪರಿಚಯಿಸಬೇಕಾಗಿದೆ.

ಬಾಲ್ಯ ಮತ್ತು ಕಂಪನಿ ನಾಟಕ

ನರಸಿಂಹರಾಜು ಜನಿಸಿದ್ದು 1923ರ ಜುಲೈ 24ರಂದು, ಕಲ್ಪತರು ನಾಡಾದ ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ. ತಂದೆ ರಾಮರಾಜು, ತಾಯಿ ವೆಂಕಟಲಕ್ಷ್ಮಮ್ಮ. ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಬಾಲಕನಿಗೆ ರಂಗಭೂಮಿಯ ಮೆಟ್ಟಿಲು ಒದಗಿಬಂದಿತು. ನಾಲ್ಕನೆಯ ವಯಸ್ಸಿನಲ್ಲಿ ಸಿ. ಬಿ. ಮಲ್ಲಪ್ಪನವರ ಶ್ರೀ ಚಂದ್ರಮೌಳೇಶ್ವರ ನಾಟಕ ಸಭಾವನ್ನು ಸೇರಿದ ಅವರು ಬಾಲಪಾತ್ರಗಳ ಮೂಲಕ ಬಣ್ಣ ಹಚ್ಚಲು ಆರಂಭಿಸಿದರು. ಬೆಳೆದಂತೆ ಕಂಪನಿಯಿಂದ ಕಂಪನಿಗೆ ನಡೆದು, ಹಿರಣ್ಣಯ್ಯ ಮಿತ್ರ ಮಂಡಳಿ, ಗುಬ್ಬಿ ಕಂಪನಿ ಮೊದಲಾದ ಸಂಸ್ಥೆಗಳಲ್ಲಿ ದುಡಿದರು.

ಕಂಪನಿ ನಾಟಕದ ಶಿಸ್ತು ಎಂಥದೆಂಬುದನ್ನು ಇಂದಿನವರು ಊಹಿಸುವುದು ಕಷ್ಟ. ಕ್ಯಾಂಪು ಹಾಕಿದ ಊರಿನಲ್ಲಿ ತಿಂಗಳುಗಟ್ಟಲೆ ಮೊಕ್ಕಾಂ, ಇರುಳು ಬೆಳಗಾಗುವವರೆಗೂ ಪ್ರದರ್ಶನ, ಹಗಲಿನಲ್ಲಿ ತಾಲೀಮು. ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ಕೊನೆಯ ಸಾಲಿನ ನೆಲದ ಪ್ರೇಕ್ಷಕನಿಗೂ ಮಾತು ಮುಟ್ಟಬೇಕಾಗಿತ್ತು. ಹಾಸ್ಯಗಾರನಿಗಂತೂ ಪರೀಕ್ಷೆ ಇನ್ನೂ ಕಠಿಣ. ಪೌರಾಣಿಕ ಕಥೆ ಗಂಭೀರವಾಗಿ ಸಾಗುತ್ತಿರುವಾಗ ನಡುವೆ ಬಂದು ಜನರ ಆಯಾಸವನ್ನು ಕಳೆಯಬೇಕು. ಕಥೆಯ ಎಳೆಯನ್ನು ಮಾತ್ರ ಕಡಿಯಕೂಡದು. ಜನ ನಗದಿದ್ದರೆ ಅದು ಅಂದೇ, ಆ ಕ್ಷಣದಲ್ಲೇ ಗೊತ್ತಾಗುತ್ತಿತ್ತು.

ಈ ಗರಡಿಯಲ್ಲಿ ನರಸಿಂಹರಾಜು ಪಳಗಿದ್ದು ಸುಮಾರು ಇಪ್ಪತ್ತಾರು ವರ್ಷ. ಅವರ ಚಲನಚಿತ್ರ ಜೀವನವಾದರೋ ಇಪ್ಪತ್ತೈದು ವರ್ಷಗಳದ್ದು. ನಾವು ಅವರನ್ನು ಸಿನಿಮಾ ನಟರೆಂದು ಕರೆಯುತ್ತೇವಾದರೂ ಬಾಳಿನ ಲೆಕ್ಕದಲ್ಲಿ ರಂಗಭೂಮಿಯ ಪಾಲೇ ಕೊಂಚ ಹೆಚ್ಚು.

'ಬೇಡರ ಕಣ್ಣಪ್ಪ' ಮತ್ತು ಚಿತ್ರರಂಗ ಪ್ರವೇಶ

1954ರಲ್ಲಿ ಎಚ್. ಎಲ್. ಎನ್. ಸಿಂಹ ಅವರ ನಿರ್ದೇಶನದಲ್ಲಿ ತೆರೆಕಂಡ 'ಬೇಡರ ಕಣ್ಣಪ್ಪ' ಕನ್ನಡ ಚಿತ್ರರಂಗದ ದಿಕ್ಕನ್ನೇ ಬದಲಿಸಿದ ಚಿತ್ರ. ಗುಬ್ಬಿ ವೀರಣ್ಣನವರ ಸಂಸ್ಥೆ ಮತ್ತು ಮದರಾಸಿನ ಎವಿಎಂ ಸಂಸ್ಥೆಗಳ ಸಹಯೋಗದಲ್ಲಿ ತಯಾರಾದ ಈ ಚಿತ್ರದ ಮೂಲಕ ರಾಜಕುಮಾರ್ ನಾಯಕ ನಟರಾದರು. ಅದೇ ಚಿತ್ರದಿಂದ ನರಸಿಂಹರಾಜು ಬೆಳ್ಳಿತೆರೆಗೆ ಪದಾರ್ಪಣೆ ಮಾಡಿದರು. ಆಗ ಅವರಿಗೆ ಮೂವತ್ತು ವರ್ಷ. ರಾಷ್ಟ್ರಮಟ್ಟದಲ್ಲಿ ಮೆಚ್ಚುಗೆಯ ಪ್ರಶಸ್ತಿಯನ್ನೂ ಈ ಚಿತ್ರ ಗಳಿಸಿತು. ರಂಗಭೂಮಿಯಿಂದಲೇ ಬಂದ ರಾಜಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್ ಮೊದಲಾದವರು ಒಂದೇ ಚಿತ್ರದಲ್ಲಿ ಕೂಡಿದ್ದು, ಕನ್ನಡ ನಾಟಕ ಕಂಪನಿಗಳು ಚಿತ್ರರಂಗಕ್ಕೆ ಕೊಟ್ಟ ಕೊಡುಗೆಗೆ ಸಾಕ್ಷಿಯಾಗಿದೆ.

ಅಲ್ಲಿಂದ ಮುಂದೆ ಅವರು ಹಿಂತಿರುಗಿ ನೋಡಲಿಲ್ಲ. ಒಟ್ಟು ಸುಮಾರು 250 ಚಿತ್ರಗಳಲ್ಲಿ ಅವರು ಅಭಿನಯಿಸಿದರೆಂಬುದು ಸಾಮಾನ್ಯವಾಗಿ ಕೊಡಲಾಗುವ ಲೆಕ್ಕ. ಇಪ್ಪತ್ತೈದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸರಾಸರಿ ಹತ್ತು ಚಿತ್ರಗಳು. ಐವತ್ತರ ದಶಕದಲ್ಲಿ ಕನ್ನಡದಲ್ಲಿ ವರ್ಷವೊಂದಕ್ಕೆ ತಯಾರಾಗುತ್ತಿದ್ದುದೇ ಹತ್ತು ಹದಿನೈದು ಚಿತ್ರಗಳು ಎಂಬುದನ್ನು ನೆನೆದರೆ, ಅವರಿಲ್ಲದ ಕನ್ನಡ ಚಿತ್ರವನ್ನು ಹುಡುಕಬೇಕಾಗಿದ್ದ ಕಾಲವೊಂದಿತ್ತೆಂಬುದು ಸ್ಪಷ್ಟವಾಗುತ್ತದೆ. ನಿರ್ಮಾಪಕರು ಮೊದಲು ನರಸಿಂಹರಾಜು ಅವರ ಕಾಲ್‌ಷೀಟ್ ಪಡೆದು, ಆಮೇಲೆ ನಾಯಕ ನಟರ ಬಳಿಗೆ ಹೋಗುತ್ತಿದ್ದರೆಂಬ ಮಾತು ಚಿತ್ರರಂಗದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಕಷ್ಟಕಾಲದಲ್ಲಿ ಕಲಾವಿದರ ಸಂಘ

ಆದರೆ ಆ ಕಾಲದ ಜನಪ್ರಿಯತೆಯನ್ನು ಇಂದಿನ ಸಂಪತ್ತಿನೊಂದಿಗೆ ಹೋಲಿಸಕೂಡದು. ಕನ್ನಡ ಚಿತ್ರಗಳ ಮಾರುಕಟ್ಟೆ ಚಿಕ್ಕದು. ಹೆಚ್ಚಿನ ಚಿತ್ರೀಕರಣ ಮದರಾಸಿನ ಸ್ಟುಡಿಯೊಗಳಲ್ಲಿ. ಚಿತ್ರಗಳ ಸಂಖ್ಯೆ ಕಡಿಮೆಯಾದರೆ ಕಲಾವಿದರ ಒಲೆಯೂ ತಣ್ಣಗಾಗುತ್ತಿತ್ತು. ಐವತ್ತರ ದಶಕದ ಕೊನೆಯಲ್ಲಿ ಅಂಥ ಇಕ್ಕಟ್ಟು ಒದಗಿದಾಗ ರಾಜಕುಮಾರ್, ಬಾಲಕೃಷ್ಣ, ಜಿ. ವಿ. ಅಯ್ಯರ್ ಮತ್ತು ನರಸಿಂಹರಾಜು ಒಟ್ಟಾಗಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿದರು. ನಾಡಿನ ಊರೂರು ಸುತ್ತಿ ನಾಟಕಗಳನ್ನು ಆಡಿದರು. 1960ರಲ್ಲಿ ಇದೇ ಬಳಗದಿಂದ 'ರಣಧೀರ ಕಂಠೀರವ' ಚಿತ್ರ ಹೊರಬಂದಿತು. ಮೈಸೂರಿನ ದೊರೆ ಕಂಠೀರವ ನರಸರಾಜ ಒಡೆಯರ ಕಥೆಯುಳ್ಳ ಆ ಚಿತ್ರ ಕನ್ನಡದ ಆರಂಭಿಕ ಐತಿಹಾಸಿಕ ಚಿತ್ರಗಳಲ್ಲಿ ಪ್ರಮುಖವಾದದ್ದು.

ಕನ್ನಡ ಚಿತ್ರ ಉಳಿದೀತೇ ಎಂಬ ಪ್ರಶ್ನೆ ಎದುರಿಗಿದ್ದಾಗ ನಾಯಕ ನಟನಿಗೆ ಹೆಗಲು ಕೊಟ್ಟ ಮೂವರಲ್ಲಿ ಇಬ್ಬರು ನಗಿಸುವವರು ಎಂಬುದು ಗಮನಾರ್ಹ.

ಬಾಲಕೃಷ್ಣರೊಡನೆ ಜೋಡಿ

ನರಸಿಂಹರಾಜು ಅವರನ್ನು ನೆನೆಯುವಾಗ ಟಿ. ಎನ್. ಬಾಲಕೃಷ್ಣ ಅವರನ್ನು ಬಿಡುವಂತಿಲ್ಲ. 1911ರಲ್ಲಿ ಅರಸೀಕೆರೆಯಲ್ಲಿ ಜನಿಸಿದ ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿಯ ಚಲನೆಯನ್ನು ನೋಡಿಯೇ ಅವರು ಮಾತಿಗೆ ಮಾತು ಕೊಡುತ್ತಿದ್ದರು. 1943ರ 'ರಾಧಾರಮಣ'ದಿಂದ ಆರಂಭಿಸಿ ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿ, ಬೆಂಗಳೂರಿನ ಕೆಂಗೇರಿ ಬಳಿ ಅಭಿಮಾನ್ ಸ್ಟುಡಿಯೊವನ್ನು ಸ್ಥಾಪಿಸಿ, 1995ರಲ್ಲಿ ನಿಧನರಾದರು.

ಬಾಲಕೃಷ್ಣ ಕುಹಕದ ಮಾತಿನಲ್ಲಿ ನಿಪುಣರು. ನರಸಿಂಹರಾಜು ಮುಗ್ಧತೆಯ ಮುಖದಲ್ಲಿ. ಒಬ್ಬರು ಬಲೆ ಬೀಸುವವರಾದರೆ ಇನ್ನೊಬ್ಬರು ತಾವಾಗಿಯೇ ಬಂದು ಬೀಳುವವರು. ಬಿ. ಆರ್. ಪಂತುಲು ಅವರ 'ರತ್ನಗಿರಿ ರಹಸ್ಯ' (1957) ಮತ್ತು 'ಸ್ಕೂಲ್ ಮಾಸ್ಟರ್' (1958) ಸೇರಿದಂತೆ ಅನೇಕ ಚಿತ್ರಗಳಲ್ಲಿ ಇಬ್ಬರೂ ಇದ್ದಾರೆ. ಮಾತನ್ನು ಕಿವಿಯಿಂದಲ್ಲದೆ ಕಣ್ಣಿನಿಂದ ಹಿಡಿಯಬೇಕಾದ ನಟನೊಬ್ಬನ ಎದುರು ಕಾಲಮಾನ ತಪ್ಪದಂತೆ ಹಾಸ್ಯ ಮಾಡುವುದು ಇಬ್ಬರ ನಡುವಿನ ನಂಬಿಕೆಯಿಂದ ಮಾತ್ರ ಸಾಧ್ಯ.

ಸ್ಮರಣೀಯ ಪಾತ್ರಗಳು

1965ರಲ್ಲಿ ಹುಣಸೂರು ಕೃಷ್ಣಮೂರ್ತಿ ಅವರು ನಿರ್ದೇಶಿಸಿದ 'ಸತ್ಯ ಹರಿಶ್ಚಂದ್ರ' ಚಿತ್ರದ ನಕ್ಷತ್ರಿಕ, ನರಸಿಂಹರಾಜು ಅವರ ಪಾತ್ರಗಳಲ್ಲೆಲ್ಲ ಶ್ರೇಷ್ಠವಾದುದೆಂದು ಹೇಳಬಹುದು. ವಿಶ್ವಾಮಿತ್ರನ ಸಾಲವನ್ನು ವಸೂಲು ಮಾಡಲು ಹರಿಶ್ಚಂದ್ರನ ಬೆನ್ನು ಹತ್ತುವ ಶಿಷ್ಯ ಈತ. ಬೆಂಬಿಡದೆ ಕಾಡುವವರನ್ನು 'ನಕ್ಷತ್ರಿಕ' ಎಂದು ಕರೆಯುವ ರೂಢಿ ನಮ್ಮ ಭಾಷೆಯಲ್ಲೇ ಇದೆ. ಬ್ಯಾಂಕಿನಲ್ಲಿ ದುಡಿಯುವ ನನ್ನಂಥವರಿಗೆ ಈ ಪಾತ್ರ ಇನ್ನಷ್ಟು ಹತ್ತಿರ. ಸಾಲಗಾರನ ಸಂಕಟ ಕಂಡು ಒಳಗೇ ಕರಗುತ್ತಿದ್ದರೂ ಹೊರಗೆ ಗುರುವಿನ ಆಜ್ಞೆಯನ್ನು ನಡೆಸಲೇಬೇಕಾದ ಇಕ್ಕಟ್ಟು ಅವನದು. ಕೇವಲ ನಗಿಸಿದರೆ ಕಥೆಯ ಕರುಣರಸ ಹಾಳಾಗುತ್ತದೆ. ಕೇವಲ ಕಾಡಿಸಿದರೆ ಪ್ರೇಕ್ಷಕ ದ್ವೇಷಿಸುತ್ತಾನೆ. ಎರಡರ ನಡುವಿನ ಸಣ್ಣ ದಾರಿಯಲ್ಲಿ ನರಸಿಂಹರಾಜು ನಡೆದರು. 2008ರಲ್ಲಿ ಈ ಚಿತ್ರಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗ ಹೊಸ ಪೀಳಿಗೆಯವರಿಗೂ ಈ ನಕ್ಷತ್ರಿಕನನ್ನು ಕಾಣುವ ಅವಕಾಶ ದೊರೆಯಿತು.

1968ರಲ್ಲಿ ಬಂದ 'ಜೇಡರ ಬಲೆ' ಮತ್ತು 'ಗೋವಾದಲ್ಲಿ ಸಿಐಡಿ 999' ಪತ್ತೇದಾರಿ ಚಿತ್ರಗಳಲ್ಲಿ ಅವರು ರಾಜಕುಮಾರ್ ಅವರ ಜೊತೆಗಿದ್ದರು. 1970ರ 'ಶ್ರೀ ಕೃಷ್ಣದೇವರಾಯ'ದಲ್ಲಿ ತೆನಾಲಿ ರಾಮಕೃಷ್ಣನಾಗಿ ಕಾಣಿಸಿಕೊಂಡರು. ಪೌರಾಣಿಕ, ಐತಿಹಾಸಿಕ, ಸಾಮಾಜಿಕ, ಪತ್ತೇದಾರಿ ಹೀಗೆ ಕನ್ನಡ ಚಿತ್ರ ಹಿಡಿದ ಎಲ್ಲ ದಾರಿಗಳಲ್ಲೂ ಅವರ ಹೆಜ್ಜೆಗುರುತುಗಳಿವೆ.

ನಟನಾ ವೈಶಿಷ್ಟ್ಯ

ಸಣಕಲು ಮೈಕಟ್ಟು, ಮುಂದೆ ಚಾಚಿದ ಉಬ್ಬುಹಲ್ಲು, ಗಾಬರಿ ಬಿದ್ದ ಕಣ್ಣು. ನಾಯಕನಾಗಲು ಬೇಡವೆನಿಸುವ ಈ ಎಲ್ಲ ಲಕ್ಷಣಗಳನ್ನೂ ಅವರು ಬಂಡವಾಳವನ್ನಾಗಿ ಮಾಡಿಕೊಂಡರು. ಆದರೆ ಹಲ್ಲು ತೋರಿಸಿದ ಮಾತ್ರಕ್ಕೆ ಕಾಲು ಶತಮಾನ ಯಾರೂ ನಗುವುದಿಲ್ಲ. ಅವರ ನಿಜವಾದ ಶಕ್ತಿಯಿದ್ದದ್ದು ಮಾತಿನ ಲಯದಲ್ಲಿ. ಎಲ್ಲಿ ಎಳೆಯಬೇಕು, ಎಲ್ಲಿ ತುಂಡರಿಸಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ತಿಳಿವಳಿಕೆ ಅವರಿಗೆ ರಂಗಭೂಮಿಯಿಂದ ಬಂದಿತ್ತು. ಎಂ. ಎನ್. ಲಕ್ಷ್ಮೀದೇವಿ, ಬಿ. ಜಯ ಮೊದಲಾದ ನಟಿಯರೊಡನೆ ಅವರ ಸನ್ನಿವೇಶಗಳು ಮನೆಮಂದಿಯೆಲ್ಲ ಕೂಡಿ ನೋಡುವಂತಿದ್ದವು.

ಮೈಬಣ್ಣ, ಮೈಕಟ್ಟು, ಹೆಂಗಸರ ಬಾಯಿಬಡುಕತನ ಇವುಗಳನ್ನು ಹಿಡಿದು ನಗಿಸುವ ಅಂದಿನ ಚಿತ್ರಗಳ ರೂಢಿ ಇಂದು ನಮಗೆ ಪೂರ್ತಿ ಒಪ್ಪಿಗೆಯಾಗದಿರಬಹುದು. ಆದರೂ ನರಸಿಂಹರಾಜು ಅವರ ಹಾಸ್ಯದಲ್ಲಿ ಹೆಚ್ಚಿನ ಸಲ ಏಟು ಬೀಳುತ್ತಿದ್ದುದು ಅವರ ಮೇಲೆಯೇ.

ಈಜಿಪ್ಟಿನ ಒಬ್ಬ ಸಮಕಾಲೀನ

ಇದೇ ಕಾಲದಲ್ಲಿ ಅರಬ್ ಚಿತ್ರಜಗತ್ತನ್ನು ಆಳುತ್ತಿದ್ದ ಹಾಸ್ಯನಟ ಈಜಿಪ್ಟಿನ ಇಸ್ಮಾಯಿಲ್ ಯಾಸೀನ್. 1912ರಲ್ಲಿ ಸೂಯೆಜ್ ಪಟ್ಟಣದಲ್ಲಿ ಹುಟ್ಟಿದ ಆತ ಗಾಯಕನಾಗುವ ಆಸೆಯಿಂದ ಕೈರೋಗೆ ಬಂದು, ರಂಗದ ಮೇಲೆ ಒಬ್ಬನೇ ನಿಂತು ನಗಿಸುವ ಕಲೆಯಿಂದ ಹೆಸರು ಮಾಡಿದ. ಅಗಲವಾದ ಬಾಯಿಯೇ ಆತನ ಗುರುತು. ಐವತ್ತರ ದಶಕದಲ್ಲಿ ಆತನ ಹೆಸರನ್ನೇ ಶೀರ್ಷಿಕೆಯಲ್ಲಿ ಹೊತ್ತ ಚಿತ್ರಗಳ ಮಾಲೆಯೇ ಬಂದಿತು. ಸೈನ್ಯದಲ್ಲಿ ಇಸ್ಮಾಯಿಲ್ ಯಾಸೀನ್, ನೌಕಾದಳದಲ್ಲಿ ಇಸ್ಮಾಯಿಲ್ ಯಾಸೀನ್ ಎಂಬ ಬಗೆಯವು. ಅರವತ್ತರ ದಶಕದಲ್ಲಿ ಅಭಿರುಚಿ ಬದಲಾಯಿತು, ಸ್ವಂತ ನಾಟಕ ತಂಡ ಮುಚ್ಚಿತು, ಸಾಲ ಬೆಳೆಯಿತು. 1972ರಲ್ಲಿ ಆತ ಕೊನೆಯುಸಿರೆಳೆದಾಗ ಹಿಂದಿನ ವೈಭವ ಉಳಿದಿರಲಿಲ್ಲ.

ತಿಪಟೂರಿಗೂ ಸೂಯೆಜ್‌ಗೂ ಯಾವ ನಂಟೂ ಇಲ್ಲ. ಆದರೂ ಮುಖದ ಕೊರತೆಯನ್ನೇ ಮೂಲಧನವಾಗಿಸಿ, ರಂಗಭೂಮಿಯಲ್ಲಿ ಪಳಗಿ, ಸಾಮಾನ್ಯ ಜನರ ಪ್ರತಿನಿಧಿಯಾಗಿ ತೆರೆಯ ಮೇಲೆ ನಿಂತ ರೀತಿ ಒಂದೇ. ಹಾಸ್ಯನಟನ ಮಾರುಕಟ್ಟೆ ಎಷ್ಟು ಬೇಗ ಕುಸಿಯಬಲ್ಲದೆಂಬ ಪಾಠವೂ ಯಾಸೀನನ ಬದುಕಿನಲ್ಲಿದೆ.

ನಾಯಕನಾಗಿ, ನಿರ್ಮಾಪಕನಾಗಿ

ಹಾಸ್ಯನಟನಾದವನು ಇಡೀ ಚಿತ್ರದ ಭಾರವನ್ನು ಹೊರಬಲ್ಲನೇ ಎಂಬ ಪ್ರಶ್ನೆ ನರಸಿಂಹರಾಜು ಅವರ ಮುಂದೆಯೂ ಬಂದಿರಬೇಕು. ಹಾಸ್ಯಕ್ಕೇ ಮುಖ್ಯ ಸ್ಥಾನ ಕೊಟ್ಟ 'ನಕ್ಕರೆ ಅದೇ ಸ್ವರ್ಗ' (1967) ಚಿತ್ರದಲ್ಲಿ ಅವರಿಗೆ ಪ್ರಮುಖ ಪಾತ್ರವಿತ್ತು. ಎಸ್. ಪಿ. ಬಾಲಸುಬ್ರಹ್ಮಣ್ಯಂ ಮೊದಲ ಬಾರಿಗೆ ಕನ್ನಡದಲ್ಲಿ ಹಾಡಿದ್ದು ಇದೇ ಚಿತ್ರಕ್ಕೆ. 1974ರಲ್ಲಿ ನರಸಿಂಹರಾಜು ಸ್ವತಃ ನಿರ್ಮಾಪಕರಾಗಿ 'ಪ್ರೊಫೆಸರ್ ಹುಚ್ಚೂರಾಯ' ಚಿತ್ರವನ್ನು ತಯಾರಿಸಿ ಶೀರ್ಷಿಕೆ ಪಾತ್ರವನ್ನು ತಾವೇ ವಹಿಸಿದರು. ದಿನಗೂಲಿಯ ಲೆಕ್ಕದಲ್ಲಿ ಬದುಕಿದ ಕಂಪನಿ ನಟನೊಬ್ಬ ಐವತ್ತರ ವಯಸ್ಸಿನಲ್ಲಿ ತನ್ನ ಗಳಿಕೆಯನ್ನು ಪಣಕ್ಕಿಟ್ಟು, ಹಾಸ್ಯನಟನನ್ನು ಕಥೆಯ ನಡುವಿನಲ್ಲಿ ನಿಲ್ಲಿಸಿದ ಧೈರ್ಯ ಸಣ್ಣದಲ್ಲ. ಇತ್ತ ದ್ವಾರಕೀಶ್ ಅವರೂ ನಟ ಹಾಗೂ ನಿರ್ಮಾಪಕರಾಗಿ ಅದೇ ಹಾದಿಯಲ್ಲಿ ಬಹುದೂರ ಸಾಗಿದರು.

ಕೊನೆಯ ದಿನಗಳು

1979ರ ಜುಲೈ 11ರಂದು ನರಸಿಂಹರಾಜು ಹೃದಯಾಘಾತದಿಂದ ನಿಧನರಾದರು. ಐವತ್ತಾರು ತುಂಬಲು ಇನ್ನು ಹದಿಮೂರೇ ದಿನಗಳಿದ್ದವು. ಬೇಡಿಕೆ ಪೂರ್ತಿಯಾಗಿ ಕುಗ್ಗುವ ಮೊದಲೇ ಅವರು ತೆರೆಯಿಂದ ಸರಿದರು. ಅವರ ಮಗಳು ಸುಧಾ ನರಸಿಂಹರಾಜು ಅವರೂ ಅಭಿನಯ ಕ್ಷೇತ್ರದಲ್ಲಿ ಗುರುತಿಸಿಕೊಂಡಿದ್ದಾರೆ. 2023ಕ್ಕೆ ನರಸಿಂಹರಾಜು ಅವರು ಜನಿಸಿ ನೂರು ವರ್ಷ ತುಂಬಿತು.

ಉಳಿಸಿಕೊಳ್ಳಬೇಕಾದ ನಗೆ

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' (1934) ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಹಳೆಯ ಚಿತ್ರಗಳ ವಿಷಯದಲ್ಲಿ ನಮ್ಮ ಅಲಕ್ಷ್ಯಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ನರಸಿಂಹರಾಜು ಅವರ ಚಿತ್ರಗಳ ಮಟ್ಟಿಗೆ ಇನ್ನೊಂದು ಬಗೆಯ ನಷ್ಟವೂ ಇದೆ. ದುಃಖದ ದೃಶ್ಯ ಭಾಷೆ ಬಾರದವರಿಗೂ ಮುಟ್ಟುತ್ತದೆ. ಹಾಸ್ಯವಾದರೋ ನುಡಿಗಟ್ಟಿನ ಒಳಗೆ ಕುಳಿತಿರುತ್ತದೆ. ಮರಾಠಿ, ಹಿಂದಿ, ಇಂಗ್ಲಿಷ್‌ಗಳ ನಡುವೆ ಬೆಳೆಯುತ್ತಿರುವ ನಮ್ಮ ಮಕ್ಕಳು ನಕ್ಷತ್ರಿಕನ ಮಾತಿಗೆ ನಗಬೇಕಾದರೆ ಕನ್ನಡದ ಗಾದೆ, ಗೇಲಿ, ಬೈಗುಳಗಳ ರುಚಿ ಅವರಿಗೆ ತಿಳಿದಿರಬೇಕು. ಅಡಿಬರಹ ಓದಿ ಅರ್ಥ ಮಾಡಿಕೊಳ್ಳಬಹುದು, ನಗುವುದು ಕಷ್ಟ.

ಆದ್ದರಿಂದ ಒಂದು ಸಲಹೆ. ಮುಂದಿನ ರಜಾದಿನದಲ್ಲಿ 'ಸತ್ಯ ಹರಿಶ್ಚಂದ್ರ'ವನ್ನು ಮನೆಯ ಹಿರಿಯರೂ ಮಕ್ಕಳೂ ಒಟ್ಟಿಗೆ ಕುಳಿತು ನೋಡಿರಿ. ಅಜ್ಜ ಅಜ್ಜಿಯರು ನಕ್ಕಲ್ಲಿ ಮೊಮ್ಮಕ್ಕಳು ಏಕೆಂದು ಕೇಳಲಿ, ಹಿರಿಯರು ಬೇಸರಿಸದೆ ಬಿಡಿಸಿ ಹೇಳಲಿ. ಭಾಷೆಯನ್ನು ಕಲಿಸುವ ತರಗತಿಗಳು ಅನೇಕ ಇವೆ. ಅದರಲ್ಲಿ ನಗುವುದನ್ನು ಕಲಿಸಲು ತಿಪಟೂರಿನ ಈ ಮೇಷ್ಟ್ರಿಗಿಂತ ಒಳ್ಳೆಯವರು ಸಿಗಲಾರರು.