ಹೋಂ ಥಿಯೇಟರ್: ಧ್ವನಿ ಹೊಂದಾಣಿಕೆ

ಮನೆಯ ಸಿನಿಮಾ ವ್ಯವಸ್ಥೆಯ ಎಲ್ಲ ಸ್ಪೀಕರ್‌ಗಳೂ ನೋಡುಗರು ಕೂರುವ ಜಾಗದಲ್ಲಿ ಸಮನಾಗಿ ಕೇಳುವಂತೆ ತಿದ್ದುವ ಕ್ರಮ. 5.1 ವ್ಯವಸ್ಥೆಯಲ್ಲಿ ಐದು ಸ್ಪೀಕರ್, ಒಂದು ಸಬ್‌ವೂಫರ್ ಇರುತ್ತವೆ. ಪರೀಕ್ಷಾ ಸದ್ದನ್ನು ಒಂದೊಂದರಲ್ಲೇ ನುಡಿಸಿ, ಕಿವಿಯ ಎತ್ತರದಲ್ಲಿ ಸಾಮಾನ್ಯವಾಗಿ 75 ಡೆಸಿಬೆಲ್ ಬರುವಂತೆ ಹೊಂದಿಸಲಾಗುತ್ತದೆ. ಸದ್ದು 1 ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಸಾಗುವುದರಿಂದ ಎಲ್ಲದರ ಸದ್ದೂ ಒಟ್ಟಿಗೆ ಕಿವಿ ತಲುಪುವಂತೆ ಪ್ರತಿ ಸ್ಪೀಕರಿನ ದೂರವನ್ನೂ ಅಳೆದು, ಸ್ಪೀಕರುಗಳಿಗೆ ಸದ್ದು ಕಳಿಸುವ ರಿಸೀವರ್‌ಗೆ ತಿಳಿಸಬೇಕು. ಸಂಭಾಷಣೆ ಬಹುಪಾಲು ನಡುವಿನ ಸ್ಪೀಕರಿನಿಂದ ಬರುತ್ತದೆ. ಮಾತು ಮಸುಕಾದರೆ ಅದೊಂದನ್ನೇ 1–2 ಡೆಸಿಬೆಲ್ ಏರಿಸುವುದು ಸರಿ, ಒಟ್ಟು ವಾಲ್ಯೂಮನ್ನಲ್ಲ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಮನೆಗಳಲ್ಲಿ ಪಡಸಾಲೆಗೆ ಕಲ್ಲುಹಾಸು, ಬರಿಗೋಡೆಗಳಿದ್ದರೆ ಸದ್ದು ಬಡಿದು ಮರಳಿ ಮಾತನ್ನು ಕಲಸಿಬಿಡುತ್ತದೆ. ಅಂಥಲ್ಲಿ ರಿಮೋಟ್ ಹಿಡಿಯುವ ಮುನ್ನ ನೆಲಕ್ಕೊಂದು ಜಮಖಾನ, ಕಿಟಕಿಗೆ ದಪ್ಪ ಪರದೆ ಹಾಕಬೇಕು. ಮೂಲೆಗೆ ಒತ್ತರಿಸಿದ ಸಬ್‌ವೂಫರ್ ಗುಂಯ್‌ಗುಡುತ್ತದೆ. ಗೋಡೆಯಿಂದ ತುಸು ಈಚೆಗೆ ಸರಿಸಿದರೆ ಅದು ತಗ್ಗುತ್ತದೆ.